ಧ್ರುವ ಕಾಣುವ ಜಾಗ

ಆ ಮನೆಯ ಜಗಳ ಶುರುವಾದದ್ದು ಒಂದು ಬೇಯಿಸಿದ ಮೊಟ್ಟೆಯಿಂದ. ಭಾನುವಾರ ಬೆಳಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಮನೆಯ ಯಜಮಾನ ತನ್ನ ಪಾಲಿನ ಮೊಟ್ಟೆಯನ್ನು ತಿನ್ನದೆ, ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸತೊಡಗಿದ. ಇದು ಭೂಮಿ, ಇದರ ಈ ತುದಿ ಧ್ರುವ ನಕ್ಷತ್ರದ ಕಡೆಗಿದೆ, ಇಗೋ ಇಲ್ಲಿ ನಾವಿದ್ದೇವೆ ಎಂದು ಒಂದು ಉಪ್ಪಿನ ಹರಳನ್ನೂ ಅಂಟಿಸಿ ತೋರಿಸಿದ. ಭೂಮಿ ತಿರುಗುವುದರಿಂದ ಆಕಾಶವೇ ಸರಿದಂತೆ ಕಾಣುತ್ತದೆ. ಕ್ಯಾಮೆರಾದ ಕಣ್ಣನ್ನು ಒಂದೈದು ನಿಮಿಷ ತೆರೆದಿಟ್ಟರೆ ಚುಕ್ಕಿಯಾಗಿ ಬರಬೇಕಾದ ನಕ್ಷತ್ರಗಳೆಲ್ಲ ಗೀರಾಗಿ ಬರುತ್ತವೆ. ಅದಕ್ಕೇ ಭೂಮಿ ಎಷ್ಟು ತಿರುಗಿತೋ ಅಷ್ಟನ್ನು ಸರಿದೂಗಿಸಿ ಕ್ಯಾಮೆರಾವನ್ನು ತಿರುಗಿಸುವ ಯಂತ್ರವೊಂದು ಬೇಕು ಎಂದು ಅವನು ವಿಷಯಕ್ಕೆ ಬಂದ.

“ಮೊಟ್ಟೆ ಆರಿಹೋಗ್ತಿದೆ, ತಿನ್ನೋ,” ಎಂದರು ಅವನ ತಾಯಿ.

ಅವನು ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಹಗಲೆಲ್ಲ ಊರಿನವರ ಕಣ್ಣಿಗೆ ಸರಿಹೊಂದುವ ಗಾಜು ಉಜ್ಜಿ, ಸಂಜೆ ಮನೆಗೆ ಬಂದ ಮೇಲೆ ತಾರಸಿ ಹತ್ತಿ ತನ್ನ ಕಣ್ಣಿಗೆ ಬೇಕಾದ್ದನ್ನು ನೋಡುತ್ತ ಕೂರುವುದು ಅವನ ಹಳೇ ಚಾಳಿ. ಈಚೆಗೆ ಕ್ಯಾಮೆರಾವೂ ಬಂದಿತ್ತು. ಆಕಾಶ ನೋಡುವವರ ಬಳಗವೊಂದು ಚಿತ್ರಪ್ರದರ್ಶನ ಇಡುವುದಿತ್ತು, ಅದರಲ್ಲಿ ತನ್ನದೂ ಒಂದು ಚಿತ್ರ ತೂಗಬೇಕು ಎಂದು ಅವನ ಆಸೆ. ಬರಿಗಣ್ಣಿಗೆ ಕಾಣದ ಒಂದು ಕೆಂಪು ಮೋಡ, ನಕ್ಷತ್ರಗಳು ಹುಟ್ಟುವ ಜಾಗವಂತೆ, ಅದನ್ನು ಹಿಡಿಯಬೇಕೆಂದು ಹಟ ಹಿಡಿದಿದ್ದ.

ಯಂತ್ರದಲ್ಲಿ ಎರಡು ಬಗೆ. ಒಂದು ಅಂಗೈಯಗಲದ್ದು, ಮುಕ್ಕಾಲಿಯ ಮೇಲೆ ಕೂರಿಸುವಂಥದ್ದು. ಇನ್ನೊಂದು ದೊಡ್ಡ ಮೌಂಟ್, ಕಬ್ಬಿಣದ ತೂಕದ ಗುಂಡುಗಳನ್ನು ಹಿಂದಕ್ಕೆ ನೇತುಹಾಕಿಕೊಂಡು, ನೆಲಕ್ಕೆ ಬೇರುಬಿಟ್ಟ ಹಾಗೆ ಒಂದೇ ಕಡೆ ನಿಲ್ಲುವಂಥದ್ದು. ಕಾಲೇಜಿಗೆ ಹೋಗುವ ಮಗಳು, ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವವಳು, ಚಿಕ್ಕದರ ಪರವಾಗಿ ವಾದಿಸಿದಳು. ಚೀಲಕ್ಕೆ ಹಾಕಿಕೊಂಡು ಊರಾಚೆ ಹೋದರೆ ಬೀದಿದೀಪದ ಕಾಟವೂ ಇಲ್ಲ ಎಂದಳು. ಚಿಕ್ಕದು ದೊಡ್ಡ ಲೆನ್ಸ್ ಹೊರಲ್ಲ, ಗಾಳಿ ಬೀಸಿದರೆ ನಡುಗುತ್ತೆ ಎಂದು ಅಪ್ಪ ಅದನ್ನು ಅಲ್ಲಿಗೇ ತಳ್ಳಿಹಾಕಿದ.

ಹೆಂಡತಿ ಕೇಳಿದ್ದು ಒಂದೇ ಮಾತು. “ರೀ, ದೊಡ್ಡದಕ್ಕೆ ದುಡ್ಡು?”

ದುಡ್ಡು ಇತ್ತು. ಅವಳು ಶಾಲೆಯ ಸಮವಸ್ತ್ರ ಹೊಲಿದು, ಅವನು ಹಬ್ಬ ಹರಿದಿನ ಎನ್ನದೆ ಹೆಚ್ಚು ಹೊತ್ತು ದುಡಿದು, ತಾರಸಿ ರಿಪೇರಿಗೆಂದು ಕೂಡಿಟ್ಟದ್ದು. ಮನೆ ಅವನ ತಂದೆ ಕಟ್ಟಿಸಿದ್ದು, ತಾರಸಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ಹಿಂದಿನ ಕೋಣೆಯ ಸೂರಿನಲ್ಲಿ ಒದ್ದೆ ಮಚ್ಚೆ ಮೂಡಿ, ಬೇಸಿಗೆಯಲ್ಲಿ ಒಣಗುತ್ತಿತ್ತು. ಆ ಕೋಣೆಯಲ್ಲಿ ಮಲಗುವವರು ಅವಳ ಅತ್ತೆ.

“ಮಳೆಗಾಲ ಈಗ ತಾನೇ ಮುಗೀತು. ತಾರಸಿ ಮುಂದಿನ ವರ್ಷ ಮಾಡಿಸಿದ್ರಾಯ್ತು. ಇಷ್ಟು ವರ್ಷ ನಿಂತಿದ್ದು ಇನ್ನೊಂದು ವರ್ಷ ನಿಲ್ಲಲ್ವಾ?” ಎಂದ ಗಂಡ.

ಅತ್ತೆ ಮೂಗು ಮುರಿದರು. ಕೂಸಿಗೆ ಆಟದ ಸಾಮಾನು ಬೇಕಂತೆ, ಕೊಡಿಸಮ್ಮ ಎಂದು ಸೊಸೆಯ ಕಡೆ ನೋಡಿದರು. ಸೊಸೆಗೆ ಬೇಡ ಎನ್ನುವುದು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಮದುವೆಯಾದಾಗಿನಿಂದ ಈ ಮನುಷ್ಯ ತನಗಾಗಿ ಒಂದು ಒಳ್ಳೆಯ ಚಪ್ಪಲಿಯನ್ನೂ ಕೊಂಡುಕೊಂಡವನಲ್ಲ. ಮೊಟ್ಟೆ ಹಿಡಿದು ಕೂತ ಅವನ ಮುಖ ನೋಡಿ ಆಗಲಿ ಎಂದುಬಿಟ್ಟಳು.

ಮುಂದಿನ ವಾರ ಮೇಸ್ತ್ರಿ ಬಂದ. ಮೌಂಟ್ ಅಲುಗಾಡದೆ ನಿಲ್ಲಲು ತಾರಸಿಯ ಮೇಲೆ ಸೊಂಟದೆತ್ತರದ ಕಟ್ಟೆ ಬೇಕಾಗಿತ್ತು. ಇಟ್ಟಿಗೆ, ಸಿಮೆಂಟು, ಒಳಗೆ ಕಬ್ಬಿಣ, ಕೆಳಗೆ ತಾರಸಿಗೇ ರಂಧ್ರ ಕೊರೆದು ಬಿಗಿದ ಬೋಲ್ಟು. ಸೊಸೆ ಚಹಾ ತೆಗೆದುಕೊಂಡು ಮೇಲೆ ಹೋದಾಗ ಮೇಸ್ತ್ರಿ ಮತ್ತು ಅವಳ ಗಂಡ ಎರಡು ಬೇರೆ ಬೇರೆ ಕಡೆ ನಿಂತಿದ್ದರು.

“ಸಾರ್, ಗೋಡೆ ನೆತ್ತಿ ಮೇಲೆ ಕಟ್ಟೋಣ. ನೀವು ನಿಂತಿರೋ ಕಡೆ ಕೆಳಗೆ ಆಸರೆ ಇಲ್ಲ,” ಎಂದ ಮೇಸ್ತ್ರಿ.

“ಅಲ್ಲಿ ಕಟ್ಟಿದ್ರೆ ಪಕ್ಕದ ಮನೆ ನೀರಿನ ಟ್ಯಾಂಕು ಅಡ್ಡ ಬರುತ್ತಪ್ಪ, ಧ್ರುವ ಕಾಣಲ್ಲ. ಧ್ರುವಕ್ಕೆ ಗುರಿ ಹಿಡಿದು ಕೂರಿಸ್ದೆ ಇದ್ರೆ ಈ ಯಂತ್ರ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಇಲ್ಲೇ ಆಗ್ಬೇಕು.”

“ಕೆಳಗಡೆ ಯಾರ ರೂಮು?”

“ನಮ್ಮಮ್ಮಂದು.”

ಮೇಸ್ತ್ರಿ ಚಹಾದ ಲೋಟ ತೆಗೆದುಕೊಳ್ಳುತ್ತ ಸೊಸೆಯ ಮುಖ ನೋಡಿದ. ನೀವಾದರೂ ಹೇಳಿ ಅಮ್ಮ ಎಂಬಂತಿತ್ತು ಆ ನೋಟ. ಯಂತ್ರದ ವಿಷಯ ತನಗೇನು ಗೊತ್ತು ಎಂದು ಅವಳು ತುಟಿ ಪಿಟಕ್ಕೆನ್ನದೆ ತಟ್ಟೆ ಹಿಡಿದುಕೊಂಡು ಕೆಳಗಿಳಿದಳು. ಸಂಜೆಯೊಳಗೆ ಕಟ್ಟೆ ಅತ್ತೆಯ ಮಂಚದ ನೇರಕ್ಕೆ ಎದ್ದು ನಿಂತಿತು.

ಮೊದಲ ಹದಿನೈದು ದಿನ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಗಂಡ ಒಂದೊಂದು ಚಿತ್ರವನ್ನೂ ಅಡುಗೆಮನೆಗೇ ತಂದು ತೋರಿಸುತ್ತಿದ್ದ. ನಕ್ಷತ್ರಗಳು ಸೂಜಿಮೊನೆಯಷ್ಟು ಚಿಕ್ಕದಾಗಿ, ದುಂಡಗೆ ಬಂದಿದ್ದವು. ಅವುಗಳ ನಡುವೆ ಮಸುಕಾಗಿ ಕೆಂಪಗೆ ಏನೋ ಹರಡಿಕೊಂಡಿತ್ತು. ಅತ್ತೆಯೂ ಕನ್ನಡಕ ಏರಿಸಿಕೊಂಡು ನೋಡಿ, ಚೆಂದ ಇದೆ ಕಣೋ ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಆದರೆ ಯಂತ್ರ ಬಂದ ಮೇಲೆ ಅವರ ನಿದ್ದೆ ಹಾಳಾಯಿತು. ಮೇಲೆ ಕರ್ ಕರ್ ಎನ್ನುತ್ತಿದೆ ಎಂದು ದಿನಾ ಬೆಳಗ್ಗೆ ದೂರು. ಮೌಂಟಿನೊಳಗೆ ಮೋಟಾರು ತಿರುಗುತ್ತಲ್ಲ ಅಮ್ಮ, ಅದರದ್ದೇ ಸದ್ದು ಎಂದು ಮಗ ಸಮಾಧಾನ ಹೇಳಿದ. ಅತ್ತೆ ಅದಕ್ಕೆ ಗಿರಣಿ ಎಂದು ಹೆಸರಿಟ್ಟರು. ಅಪ್ಪ ಗಿರಣಿ ನಡೆಸ್ತಾರೆ, ಹಿಟ್ಟು ಅಜ್ಜಿ ಮೇಲೆ ಬೀಳುತ್ತೆ ಎಂದು ಗುಬ್ಬಿ ನಗೆಯಾಡುತ್ತಿದ್ದಳು. ಯಾಕೆಂದರೆ ನಿಜಕ್ಕೂ ಬೀಳುತ್ತಿತ್ತು. ಅತ್ತೆ ತಲೆದೆಸೆಯಲ್ಲಿ ಇಟ್ಟುಕೊಳ್ಳುವ ನೀರಿನ ಲೋಟದಲ್ಲಿ ಬೆಳಗಾಗುವಷ್ಟರಲ್ಲಿ ಬಿಳಿ ಪುಡಿ ತೇಲುತ್ತಿತ್ತು. ಹಳೇ ಸುಣ್ಣ ಉದುರುತ್ತಿರಬೇಕು ಎಂದುಕೊಂಡು ಸೊಸೆ ಲೋಟಕ್ಕೆ ಒಂದು ತಟ್ಟೆ ಮುಚ್ಚತೊಡಗಿದಳು. ಬೆಳಗ್ಗೆ ಎದ್ದು ತಟ್ಟೆ ತೊಳೆಯುವುದು, ತಲೆದಿಂಬು ಕೊಡವುವುದು ಅವಳ ದಿನದ ಕೆಲಸಗಳ ಜೊತೆಗೆ ಸೇರಿಕೊಂಡಿತು. ಎಷ್ಟು ಬೇಗ ಅಭ್ಯಾಸವಾಯಿತೆಂದರೆ, ತಾನು ಏನನ್ನು ಕೊಡವುತ್ತಿದ್ದೇನೆ ಎಂದು ಅವಳು ಯೋಚಿಸಲೇ ಇಲ್ಲ.

ಆಮೇಲೆ ಆ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿತು. ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಗಂಡ ಉಜ್ಜುಕಾಗದ ತಂದು ಬಾಗಿಲಿನ ಅಂಚನ್ನು ತಿಕ್ಕಿದ. ವಾರ ಕಳೆಯುವಷ್ಟರಲ್ಲಿ ಮತ್ತೆ ಕಚ್ಚಿಕೊಂಡಿತು.

ಅಷ್ಟರಲ್ಲಿ ಅವನ ಮುಖವೂ ಗಂಟಿಕ್ಕಿತ್ತು. ನಕ್ಷತ್ರಗಳು ಮತ್ತೆ ಗೀರಾಗತೊಡಗಿದ್ದವು. ಇವತ್ತು ಧ್ರುವಕ್ಕೆ ಸರಿಯಾಗಿ ಗುರಿ ಹಿಡಿದು ಬಿಗಿದರೆ, ಮುಂದಿನ ವಾರ ನೋಡುವಾಗ ಗುರಿ ತಪ್ಪಿರುತ್ತಿತ್ತು. ಅವನು ರಸಮಟ್ಟ ತಂದು ಕಟ್ಟೆಯ ಮೇಲೆ ಮೌಂಟಿನ ಬುಡದಲ್ಲಿಟ್ಟು, ಅದರ ಗುಳ್ಳೆ ನಡುವಿಗೆ ಬರುವವರೆಗೆ ಬುಡದ ತಿರುಪು ತಿರುಗಿಸುತ್ತಿದ್ದ. ಯಂತ್ರದ ಹಲ್ಲು ಜಾರುತ್ತಿದೆ, ಮೋಸದ ಮಾಲು ಕೊಟ್ಟಿದ್ದಾನೆ ಎಂದು ಊಟದ ಹೊತ್ತಿನಲ್ಲೆಲ್ಲ ಕ್ಯಾಮೆರಾ ಅಂಗಡಿಯವನನ್ನು ಬಯ್ಯುತ್ತಿದ್ದ. ಅಂಗಡಿಯವನು ಒಳ್ಳೆಯವನು. ಅಷ್ಟು ಬೇಸರವಿದ್ದರೆ ಬದಲಾಯಿಸಿಕೊಡುತ್ತೇನೆ ಎಂದ. ಬದಲಿಗೆ ಬಂದದ್ದು ಇನ್ನೂ ತೂಕದ್ದು. ಅದೂ ಹತ್ತು ದಿನ ಚೆನ್ನಾಗಿದ್ದು ಕೆಟ್ಟಿತು.

“ಅಪ್ಪಾ, ಒಂದು ಕೇಳ್ಲಾ?” ಎಂದಳು ಗುಬ್ಬಿ ಒಂದು ಸಂಜೆ ಊಟದ ನಡುವೆ. ಅವಳು ಹಳೆಯ ಯಂತ್ರದ ಚಿತ್ರ, ಹೊಸ ಯಂತ್ರದ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದಳು. “ಎರಡರಲ್ಲೂ ನಕ್ಷತ್ರ ಒಂದೇ ಕಡೆಗೆ ಜಾರಿದೆ. ಎರಡು ಬೇರೆ ಯಂತ್ರ ಒಂದೇ ಥರ ಹಾಳಾಗುತ್ತಾ?”

“ಒಂದೇ ಕಂಪನಿದು. ಒಂದೇ ಥರ ಹಾಳಾಗುತ್ತೆ,” ಎಂದ ಅಪ್ಪ.

ಗುಬ್ಬಿ ನಕ್ಕಳು. ಅವನು ನಗಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಕೈ ತೊಳೆದುಕೊಂಡ. ಹೆಂಡತಿ ಅದನ್ನು ಗಮನಿಸಿದಳು. ಅನ್ನ ಬಿಟ್ಟು ಏಳುವವನಲ್ಲ ಅವನು. ಏನನ್ನೋ ಬಲ್ಲವನ ಹಾಗೆ ಎದ್ದುಹೋದ ಎಂದು ಅವಳಿಗೆ ಅನಿಸಿತು, ಆದರೆ ಏನೆಂದು ಹೊಳೆಯಲಿಲ್ಲ.

ಎರಡನೆಯ ಯಂತ್ರವನ್ನೂ ಅಂಗಡಿಗೆ ಹೊತ್ತುಕೊಂಡು ಹೋಗಿ, ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡದನ್ನು ಕೊಡಿ ಎಂದು ಹೇಳಿಬಂದ. ಅದು ಬರಲು ನಾಲ್ಕಾರು ದಿನವಿತ್ತು. ತಾರಸಿಯಲ್ಲಿ ಬರೀ ಕಟ್ಟೆ. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಸೊಸೆ ಹೊಲಿಗೆಯಂತ್ರದ ಮುಂದೆ ಕೂತು ಅಂಗಿಗಳಿಗೆ ಕಾಲರು ಹಚ್ಚುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅಡ್ಡಾಗಿದ್ದ ಅತ್ತೆ ಗೊಣಗಿದ್ದು ಕೇಳಿಸಿತು.

“ನಿನ್ನ ಗಂಡಂಗೆ ಹಗಲು ಹೊತ್ತೂ ಬಿಡುವಿಲ್ವೇನೇ? ಶುರುವಾಯ್ತು ನೋಡು ಗಿರಣಿ.”

ಸೊಸೆ ಹೊಲಿಗೆ ನಿಲ್ಲಿಸಿದಳು. ಗಂಡ ಕನ್ನಡಕದಂಗಡಿಯಲ್ಲಿದ್ದ, ಗಿರಣಿ ಕ್ಯಾಮೆರಾ ಅಂಗಡಿಯಲ್ಲಿತ್ತು. ಅವಳು ಎದ್ದು ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋಗಿ ಮಂಚದ ಪಕ್ಕ ನಿಂತಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಲೆಯ ಮೇಲೆ ಕರ್ ಎಂದಿತು. ನಿಂತಿತು. ಮತ್ತೆ ಕರ್ ಎಂದಿತು. ಅತ್ತೆಯ ತಲೆದಿಂಬಿನ ಮೇಲೆ ಒಂದು ಚಿಟಿಕೆ ಪುಡಿ ಬಂದು ಕೂತಿತು.

“ಅತ್ತೆ, ಬನ್ನಿ, ಹಜಾರಕ್ಕೆ ಬಂದು ಮಲಗಿ. ಇಲ್ಲಿ ಸೆಕೆ,” ಎಂದಳು.

“ನಂಗೇನೂ ಸೆಕೆಯಿಲ್ಲ,” ಎಂದರು ಅತ್ತೆ. ಜಪ್ಪಯ್ಯ ಎಂದರೂ ಏಳಲಿಲ್ಲ.

ಅಂದು ಸಂಜೆ ಗಂಡ ಆಟೋದಲ್ಲಿ ಹೊಸ ಮೌಂಟನ್ನೇ ತಂದುಬಿಟ್ಟಿದ್ದ. ಆಟೋದವನೂ ಅವನೂ ಸೇರಿ ಏದುಸಿರು ಬಿಡುತ್ತ ಮೇಲಕ್ಕೆ ಹೊತ್ತೊಯ್ದರು. ಅವನು ಕೆಳಗಿಳಿದು ಬಂದಾಗ ಅವಳು ಮೆಟ್ಟಿಲ ಬುಡದಲ್ಲೇ ನಿಂತು ಹೇಳಿದಳು. ಯಂತ್ರ ಇಲ್ಲದಾಗಲೂ ಸದ್ದು ಬರುತ್ತಿದೆ, ಮೊದಲು ಮೇಸ್ತ್ರಿಯನ್ನು ಕರೆಸಿ ಎಂದಳು. ಹಳೇ ಮನೆ, ಪೈಪೋ ಇಲಿಯೋ ಇರಬೇಕು ಎಂದ ಅವನು. ಪ್ರದರ್ಶನ ಹತ್ತಿರ ಬಂತು, ಅದೊಂದು ಮುಗಿಯಲಿ ಎಂದ. ಅವಳು ಮತ್ತೆ ಬಾಯಿ ತೆರೆದಾಗ ಅವನು ಗದರಲಿಲ್ಲ, ಬೇಡಿಕೊಂಡ.

“ಈ ಒಂದು ಚಿತ್ರ ಆಗ್ಲಿ. ಆಮೇಲೆ ಕಟ್ಟೆನೇ ಒಡೆಸಿಬಿಡ್ತೀನಿ.”

“ಹಾಗಾದ್ರೆ ಕಟ್ಟೆದೇ ತೊಂದರೆ ಅಂತ ನಿಮಗೆ ಗೊತ್ತು,” ಎಂದಳು ಅವಳು.

ಅವನು ಮತ್ತೆ ಮೆಟ್ಟಿಲು ಹತ್ತಿದ. ಅವಳಿಗೆ ಅವನ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಚಹಾದ ತಟ್ಟೆ ಹಿಡಿದು ಬಾಯಿಗೆ ಬೀಗ ಹಾಕಿಕೊಂಡು ಇಳಿದ ತನ್ನ ಮೇಲೇ ಸಿಟ್ಟು ಬಂತು. ಮಾರನೆಯ ದಿನ ಅವನು ಕೆಲಸಕ್ಕೆ ಹೋಗುವುದನ್ನೇ ಕಾದಿದ್ದು ತಾನೇ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋಗಿ ಕರೆದುಕೊಂಡು ಬಂದಳು.

ಮೇಸ್ತ್ರಿ ಮೇಲೆ ಹತ್ತಲೇ ಇಲ್ಲ. ಕೋಣೆಯೊಳಗೆ ನಿಂತು, ಕೋಲಿನಿಂದ ಸೂರನ್ನು ಮೆಲ್ಲಗೆ ತಟ್ಟುತ್ತ ಬಂದ. ಗೋಡೆಯ ಹತ್ತಿರ ಗಟ್ಟಿ ಸದ್ದು. ಮಂಚದ ನೇರಕ್ಕೆ ಬಂದಾಗ ಪೊಳ್ಳು ಸದ್ದು ಬಂತು, ಅಂಗೈಯಗಲದ ಗಾರೆ ಕಳಚಿ ಅವನ ಕಾಲಬಳಿ ಬಿತ್ತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಪದರು ಪದರಾಗಿ ಎದ್ದಿತ್ತು. ಮಳೆನೀರು ಮೊದಲೇ ತಿಂದಿತ್ತು, ಈಗ ಬೋಲ್ಟಿನ ರಂಧ್ರದಲ್ಲಿ ಇಬ್ಬನಿಯ ನೀರೂ ಇಳಿದಿದೆ ಎಂದ ಅವನು. ಕೋಲನ್ನು ಮೂಲೆಗಿಟ್ಟು, ದನಿ ತಗ್ಗಿಸಿ ಮಾತಾಡಿದ.

“ಅಮ್ಮಾ, ಅಜ್ಜಿನ ಈಗ್ಲೇ ಈಚೆಗೆ ಕರ್ಕೊಳ್ಳಿ. ನಾಳೆ ಬೆಳಗ್ಗೆ ನಾನು ಕಬ್ಬಿಣದ ಕಂಬ ತಂದು ಕೆಳಗಿಂದ ಆನಿಸ್ತೀನಿ. ಅಲ್ಲೀವರ್ಗೂ ಒಂದು ನರಪಿಳ್ಳೆನೂ ತಾರಸಿಗೆ ಹತ್ತಬಾರ್ದು.”

ಆ ಗಾರೆಯ ಚಕ್ಕೆ ನೋಡಿದ ಮೇಲೆ ಅತ್ತೆ ಜಾಸ್ತಿ ಮಾತಾಡಲಿಲ್ಲ. ತಮ್ಮ ಕನ್ನಡಕ, ಹೊದಿಕೆ, ಮಾತ್ರೆಯ ಡಬ್ಬಿ ತೆಗೆದುಕೊಂಡು ಹಜಾರಕ್ಕೆ ಬಂದು ಕೂತರು. ಕಾಲೇಜಿನಿಂದ ಬಂದ ಗುಬ್ಬಿ ತನ್ನ ಹಾಸಿಗೆಯನ್ನು ಅಜ್ಜಿಗೆ ಬಿಟ್ಟುಕೊಟ್ಟಳು. ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ಕಾಲವಲ್ಲದ ಕಾಲದಲ್ಲಿ ಮಳೆಯ ಗಾಳಿ ಬೀಸತೊಡಗಿತು.

ಗಂಡ ಓಡುತ್ತಲೇ ಮನೆಗೆ ಬಂದ. ಚಪ್ಪಲಿ ಬಿಡದೆ ನೇರವಾಗಿ ಮೆಟ್ಟಿಲ ಕಡೆ ಹೊರಟವನಿಗೆ ಹೆಂಡತಿ ಅಡ್ಡ ನಿಂತಳು. ಮೇಸ್ತ್ರಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆದರೂ ಅವನ ಕಾಲು ಹಿಂದೆ ಸರಿಯಲಿಲ್ಲ.

“ಹೊಸದು ಕಣೇ. ಮೇಲೆ ಬರೀ ಬಟ್ಟೆ ಹೊದಿಸಿ ಬಂದಿದೀನಿ. ನೀರು ಒಳಗೆ ಹೋದ್ರೆ ಮುಗೀತು, ಅಂಗಡಿಯವನು ಹಿಂದಕ್ಕೂ ತಗೊಳ್ಳಲ್ಲ. ಬಿಚ್ಚಿ ತರೋಕೆ ಎಷ್ಟು ಹೊತ್ತು? ಅಮ್ಮ ಈಚೆಗೆ ಬಂದಾಯ್ತಲ್ಲ, ಕೆಳಗೆ ಯಾರೂ ಇಲ್ಲ.”

“ಮೇಲೆ ನೀವಿರ್ತೀರಲ್ಲ,” ಎಂದಳು ಅವಳು.

ಅವನು ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದಿನಿಂದ ಬಾಗಿಲು ಕಿರುಗುಟ್ಟಿದ ಸದ್ದಾಯಿತು. ಹಜಾರದ ಹಾಸಿಗೆ ಖಾಲಿಯಿತ್ತು. ಅತ್ತೆ ತಮ್ಮ ಕೋಣೆಗೆ ಹೋಗಿ ಮಂಚದ ಮೇಲೆ, ಪೊಳ್ಳು ಸದ್ದು ಬಂದ ಜಾಗದ ನೇರ ಕೆಳಗೆ, ಕಾಲು ಮಡಿಸಿ ಕೂತಿದ್ದರು. ಮಡಿಲಲ್ಲಿ ಹೊದಿಕೆಯೂ ಇತ್ತು. ಅಜ್ಜಿ, ಅಜ್ಜಿ ಎನ್ನುತ್ತ ಗುಬ್ಬಿ ಅವರ ಕೈ ಹಿಡಿದು ಎಳೆಯುತ್ತಿದ್ದಳು. ಅವರು ಜಗ್ಗಲಿಲ್ಲ, ಮೊಮ್ಮಗಳ ಕೈ ಬಿಡಿಸಿ ಆಚೆ ಹೋಗು ಎಂದು ನೂಕಿದರು.

“ಹತ್ತಪ್ಪ,” ಎಂದರು ಮಗನಿಗೆ ಕೇಳುವ ಹಾಗೆ. “ನಾನಿಲ್ಲೇ ಕೂತಿರ್ತೀನಿ. ನಿನ್ನ ಸಾಮಾನು ಬಿಚ್ಚಿ ತಗೊಂಡು ಬಾ.”

ಮೇಲೆ ಕರ್ ಎಂದಿತು. ಈಗ ಅದನ್ನು ಎಲ್ಲರೂ ಕೇಳಿಸಿಕೊಂಡರು.

ಅವನು ಮೆಟ್ಟಿಲಿನಿಂದ ಇಳಿದ. ಬಾಗಿಲಿಗೆ ಬಂದು ನಿಂತ. ತಾಯಿಯ ತಲೆಗೂದಲ ಮೇಲೆ ಬಿಳಿ ಪುಡಿ ಬೀಳುತ್ತಿತ್ತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ.

“ಅಮ್ಮಾ, ಬಾ ಈಚೆಗೆ.”

“ಮೇಲೆ ಹೋಗಲ್ಲ ಅನ್ನು.”

“ಹೋಗಲ್ಲ.”

“ಮಳೆ ಬಂದ್ರೂ?”

ಹೊರಗೆ ಆಗಲೇ ಮೊದಲ ಹನಿಗಳು ಕಿಟಕಿಯ ತಗಡಿಗೆ ಬಡಿಯುತ್ತಿದ್ದವು. ಅವನು ಒಂದು ಸಲ ಕಣ್ಣು ಮುಚ್ಚಿ ತೆರೆದ. ಬಂದರೂ ಹೋಗಲ್ಲ ಎಂದು ಹೇಳಿ, ಒಳಗೆ ನುಗ್ಗಿ, ಹೊದಿಕೆಯ ಸಮೇತ ತಾಯಿಯನ್ನು ಎತ್ತಿಕೊಂಡು ಹಜಾರಕ್ಕೆ ತಂದು ಕೂರಿಸಿದ. ಹೆಂಡತಿ ಆ ಬಾಗಿಲನ್ನು ಎಳೆದು ಮುಚ್ಚಲು ನೋಡಿದಳು. ಅದು ಅರ್ಧಕ್ಕೆ ಕಚ್ಚಿಕೊಂಡು ನಿಂತಿತು.

ಅಡುಗೆ ಆಗಿತ್ತು, ಬಡಿಸಿದಳು. ನಾಲ್ವರೂ ಹಜಾರದಲ್ಲಿ ಕೂತು ತಟ್ಟೆ ಮುಂದಿಟ್ಟುಕೊಂಡರು. ಮಳೆ ಜೋರಾಯಿತು. ಅವನು ತುತ್ತು ಕಲಸುತ್ತಿದ್ದ, ಬಾಯಿಗಿಡುತ್ತಿರಲಿಲ್ಲ. ಎರಡನೇ ಸಲ ಅನ್ನ ಬಡಿಸಲೆಂದು ಅವಳು ಏಳುತ್ತಿದ್ದಾಗ ಹಿಂದಿನ ಕೋಣೆ ಕುಸಿಯಿತು. ನೆಲವೆಲ್ಲ ಅದುರಿತು, ದೀಪ ಆರಿತು, ಅರ್ಧ ತೆರೆದ ಬಾಗಿಲಿನಿಂದ ಬಿಳಿ ಧೂಳು ಹಜಾರದ ತುಂಬ ನುಗ್ಗಿ ತಟ್ಟೆಗಳ ಮೇಲೆ ಇಳಿಯಿತು. ಗುಬ್ಬಿ ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿದಳು.

ಬೆಳಗ್ಗೆ ಮೇಸ್ತ್ರಿ ಕಂಬಗಳನ್ನು ಹೊತ್ತ ಗಾಡಿಯ ಜೊತೆ ಬಂದು, ಬಾಗಿಲಲ್ಲೇ ನಿಂತು ತಲೆಗೆ ಸುತ್ತಿದ ಬಟ್ಟೆ ತೆಗೆದ. ಮಂಚ ನಡು ಮುರಿದು ನೆಲಕಚ್ಚಿತ್ತು. ಕಟ್ಟೆ ಇಡಿಯಾಗಿ ಅದರ ಮೇಲೆ ಒರಗಿತ್ತು. ಮೌಂಟಿನ ತೂಕದ ಗುಂಡೊಂದು ಕಳಚಿಕೊಂಡು ತಲೆದಿಂಬಿನ ನಟ್ಟನಡುವೆ ಕೂತಿತ್ತು, ದಿಂಬು ಅದರ ಸುತ್ತ ಮಡಚಿಕೊಂಡಿತ್ತು. ಗಂಡ ಇಟ್ಟಿಗೆ ಚೂರುಗಳನ್ನು ದಾಟಿ ಹೋಗಿ ಆ ಗುಂಡನ್ನು ಎತ್ತಲು ಕೈ ಹಾಕಿದ. ಅಂಥವನ್ನು ಎಷ್ಟೋ ಸಲ ಎತ್ತಿ ಅಭ್ಯಾಸವಿತ್ತು. ಅವತ್ತು ಎತ್ತಲಾಗಲಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ಕಲ್ಲು ಮಣ್ಣು ಹೊರಹಾಕುವುದರಲ್ಲೇ ವಾರ ಕಳೆಯಿತು. ಪ್ರದರ್ಶನ ಬಂದು ಹೋಯಿತು, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಂದು ಸಂಜೆ ಕ್ಯಾಮೆರಾ ಅಂಗಡಿಯವನು ತಾನಾಗಿಯೇ ಫೋನು ಮಾಡಿದ. ದೊಡ್ಡ ಮೌಂಟು ಹೇಗಿದೆ ಸಾರ್, ಈಗಲಾದರೂ ನಕ್ಷತ್ರ ನಿಂತವಾ ಎಂದು ಕೇಳುತ್ತಿದ್ದದ್ದು ಸೊಸೆಗೂ ಕೇಳಿಸಿತು.

“ನಿಮ್ಮ ಯಂತ್ರದಲ್ಲಿ ತಪ್ಪೇನೂ ಇರ್ಲಿಲ್ಲ,” ಎಂದ ಗಂಡ. “ಮೊದಲನೇದ್ರಲ್ಲೂ ಇರ್ಲಿಲ್ಲ. ವಾಲ್ತಿದ್ದದ್ದು ಕಟ್ಟೆ. ನಂಗೊತ್ತಿತ್ತು,” ಎಂದು ಸೇರಿಸಿದ. ಫೋನು ಕೆಳಗಿಟ್ಟು ತಾಯಿಯ ಕಡೆ ನೋಡಿದ.

ಅತ್ತೆ ಹಜಾರದ ಹಾಸಿಗೆಯಲ್ಲಿ ಅಂಗಾತ ಮಲಗಿದ್ದರು. ಸೊಸೆ ನೀರಿನ ಲೋಟವನ್ನು ತಲೆದೆಸೆಗೆ ತಂದಿಟ್ಟು ಒಳಗೆ ಹೊರಟಳು.

“ತಟ್ಟೆ ಮುಚ್ಚಿಡು,” ಎಂದರು ಅತ್ತೆ.

“ಇಲ್ಲಿ ಏನೂ ಬೀಳಲ್ಲ ಅಮ್ಮ,” ಎಂದ ಮಗ.

ಅತ್ತೆ ಅವನತ್ತ ತಿರುಗಲಿಲ್ಲ. ಹಜಾರದ ಸೂರಿನಿಂದ ಕಣ್ಣು ಕೀಳದೆ, ಸೊಸೆಗೇ ಇನ್ನೊಮ್ಮೆ ಹೇಳಿದರು, ಮುಚ್ಚಿಡು ಎಂದು. ಅವಳು ಅಡುಗೆಮನೆಯಿಂದ ತಟ್ಟೆ ತಂದು ಲೋಟದ ಮೇಲೆ ಮುಚ್ಚಿಟ್ಟಳು.